ಗಂಜಿ ನುಂಗಲಾದೀತೇ?

ಬಾಯಿಯ ಕ್ಯಾನ್ಸರಿನ ಮಾತೆತ್ತಿದರೆ ಅಡಿಕೆ ಬೆಳೆಗಾರರಾದ ನಾವು ಮುಖ ತಿರುಗಿಸುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ ಅಡಿಕೆಯನ್ನು ಕ್ಯಾನ್ಸರ್‌ಕಾರಕವೆಂದಾಗ ನನಗೂ ಸಿಟ್ಟು ಬಂದಿತ್ತು. ಆ ವಾದ ಬೇರೆ ಸಂಚಿಕೆಗಿರಲಿ; ಇಂದು ರೋಗ ಬಂದವರ ಮಾತು.

ಬಾಯಿ, ಗಂಟಲಿನ ಕ್ಯಾನ್ಸರು ಚಿಕಿತ್ಸೆಗೆ ಬಗ್ಗದೆ ಮರುಕಳಿಸಿದಾಗ ಮನೆಯವರು ‘ಇನ್ನೆಷ್ಟು ದಿನ?’ ಎನ್ನುತ್ತಾರೆ. ರೋಗಿಯ ಪ್ರಶ್ನೆ ಬೇರೆ: ಗಂಜಿ ನುಂಗಲಾದೀತೇ, ಮೊಮ್ಮಕ್ಕಳೊಡನೆ ಮಾತಾಡಲಾದೀತೇ?

ನಿವೊಲುಮಾಬ್ ಎಂಬ ಔಷಧವು ನಮ್ಮ ಬಿಳಿ ರಕ್ತಕಣಗಳಿಗೆ ಗೆಡ್ಡೆ ಹಾಕಿದ ತಡೆಯನ್ನು ತೆಗೆಯುತ್ತದೆ. 361 ರೋಗಿಗಳ ಮೇಲಿನ ಪರೀಕ್ಷೆಯ ವರದಿ 2016ರಲ್ಲಿ ಬಂತು. ವರ್ಷ ದಾಟಿದವರು ಹಳೆಯ ಔಷಧಗಳಲ್ಲಿ ನೂರಕ್ಕೆ ಸುಮಾರು 17, ಇದರಲ್ಲಿ 36. ನೋವು, ದೈನಂದಿನ ಕೆಲಸ, ಜನರೊಡನೆ ಬೆರೆಯುವಿಕೆ ಕುರಿತು ಪ್ರಶ್ನಾವಳಿಯನ್ನೂ ಕೊಟ್ಟಿದ್ದರು. 2017ರ ವರದಿಯಂತೆ, ಹಳೆಯ ಔಷಧ ಪಡೆದವರ ಸ್ಥಿತಿ ವಾರಗಳಲ್ಲೇ ಕುಸಿಯಿತು. ನಿವೊಲುಮಾಬ್ ಪಡೆದವರದು ಬಹುಮಟ್ಟಿಗೆ ಇದ್ದಂತೆಯೇ ಉಳಿಯಿತು. ಸುಧಾರಿಸಿತು ಎನ್ನುತ್ತಿಲ್ಲ, ಗಮನಿಸಿ. ಗೆಡ್ಡೆ ಕುಗ್ಗಿದ್ದು ಏಳೆಂಟು ಮಂದಿಯಲ್ಲಿ ಒಬ್ಬರಿಗೆ. ಥೈರಾಯ್ಡ್, ಶ್ವಾಸಕೋಶ, ಕರುಳಿಗೆ ತೊಂದರೆಯಾಗುವುದೂ ಉಂಟು. ಹೊಸದಾಗಿ ಕೆಮ್ಮು, ಭೇದಿ ಕಂಡರೆ ಕೂಡಲೇ ವೈದ್ಯರಿಗೆ ತಿಳಿಸಬೇಕು.

ಇನ್ನು ಬೆಲೆ. ನಮ್ಮಂಥವರ ಮನೆ ಮುರಿಯುವುದೇ ಅದು. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯವರು ಅಗ್ಗದ ಔಷಧಗಳ ಜೊತೆಗೆ ಮೂರು ವಾರಕ್ಕೊಮ್ಮೆ ಬರೀ 20 ಮಿಲಿಗ್ರಾಂ ನಿವೊಲುಮಾಬ್ ಕೊಟ್ಟು ನೋಡಿದರು. ವಾಡಿಕೆಯ ಪ್ರಮಾಣಕ್ಕೆ ಹೋಲಿಸಿದರೆ ಇದು ತೀರ ಅಲ್ಪ. 151 ರೋಗಿಗಳ ಈ ಪರೀಕ್ಷೆಯ ಫಲ 2022ರಲ್ಲಿ ಪ್ರಕಟವಾಯಿತು. ವರ್ಷ ದಾಟಿದವರು ನೂರಕ್ಕೆ 16ರಿಂದ 43ಕ್ಕೆ ಏರಿದರು. ತೀವ್ರ ಅಡ್ಡಪರಿಣಾಮ ಹೆಚ್ಚಲಿಲ್ಲ.

ಯಾವ ಸದಸ್ಯರ ಮನೆಯಲ್ಲಾದರೂ ಈ ಕಷ್ಟ ಬಂದಿದ್ದರೆ, ತೋಟ ಅಡವಿಡುವ ಮುನ್ನ ಈ ಅಲ್ಪ ಪ್ರಮಾಣದ ಚಿಕಿತ್ಸೆ ರೋಗಿಗೆ ಹೊಂದೀತೇ ಎಂದು ಕ್ಯಾನ್ಸರ್ ತಜ್ಞರನ್ನು ಕೇಳಿ ನೋಡಿ.