ಅನಿಲ ನಿರೋಧಿತ ಅಧಿಕ ಒತ್ತಡದ ವಿದ್ಯುತ್ ಮಾರ್ಗಗಳು: ಶಾಖ ಹಾಗೂ ಕಾಂತಕ್ಷೇತ್ರದ ಕುರಿತು ಅರ್ಜಿದಾರರಿಗೆ ಮಾಹಿತಿ

ತಮ್ಮ ನಿವೇಶನ ಅಥವಾ ಜಮೀನಿನ ಮೇಲೆ ಹಾದುಹೋಗಿರುವ ಹೈಟೆನ್ಷನ್ ಮಾರ್ಗವನ್ನು ಭೂಗತಗೊಳಿಸುವಂತೆ ಕೋರುವ ಸಾರ್ವಜನಿಕರಲ್ಲಿ ಎರಡು ಪ್ರಶ್ನೆಗಳು ಸಹಜವಾಗಿಯೇ ಮೂಡುತ್ತವೆ. ನೆಲದೊಳಗೆ ಹೋದ ಮಾರ್ಗದಿಂದ ಹೊಮ್ಮುವ ಕಾಂತಕ್ಷೇತ್ರವು ಮನೆಯವರ ಆರೋಗ್ಯಕ್ಕೆ ಹಾನಿಕರವೇ? ಮಾರ್ಗದ ಮೇಲಿನ ನೆಲವನ್ನು ಮೊದಲಿನಂತೆ ಬಳಸಬಹುದೇ? ಭೂಗತ ಮಾರ್ಗಗಳಲ್ಲಿ ಒಂದು ವಿಧವಾದ ಅನಿಲ ನಿರೋಧಿತ ಮಾರ್ಗವನ್ನು (ಗ್ಯಾಸ್ ಇನ್ಸುಲೇಟೆಡ್ ಲೈನ್) ಆಧಾರವಾಗಿಟ್ಟುಕೊಂಡು ಈ ಪ್ರಶ್ನೆಗಳಿಗೆ ಇಲ್ಲಿ ವಿವರಣೆ ನೀಡಲಾಗಿದೆ.

ಈ ಮಾರ್ಗದಲ್ಲಿ ತಂತಿಯ ಬದಲಿಗೆ ಅಲ್ಯೂಮಿನಿಯಂ ಕೊಳವೆಯೊಂದು ವಾಹಕವಾಗಿರುತ್ತದೆ. ಅದನ್ನು ಎಪಾಕ್ಸಿ ರಾಳದ ಆಧಾರಗಳ ಮೇಲೆ, ಮತ್ತೊಂದು ದೊಡ್ಡ ಅಲ್ಯೂಮಿನಿಯಂ ಕೊಳವೆಯ ನಡುವೆ ಕೂರಿಸಲಾಗುತ್ತದೆ. ಎರಡರ ನಡುವಣ ಜಾಗದಲ್ಲಿ ಒತ್ತಡಕ್ಕೊಳಪಡಿಸಿದ ಅನಿಲವಿರುತ್ತದೆ. ಮೊದಲು ಶುದ್ಧ ಸಲ್ಫರ್ ಹೆಕ್ಸಾಫ್ಲೋರೈಡ್ (ಎಸ್‌ಎಫ್-6) ಬಳಕೆಯಲ್ಲಿತ್ತು. ನಂತರ ನೂರಕ್ಕೆ 80 ಭಾಗ ಸಾರಜನಕ, 20 ಭಾಗ ಎಸ್‌ಎಫ್-6 ಇರುವ ಮಿಶ್ರಣ ಬಳಕೆಗೆ ಬಂದಿತು. ಜರ್ಮನಿಯ ಕಪ್ಪು ಅರಣ್ಯ ಪ್ರದೇಶದಲ್ಲಿ, ಬೆಟ್ಟದೊಳಗಿನ ಜಲವಿದ್ಯುತ್ ಕೇಂದ್ರವೊಂದರಿಂದ ಹೊರಡುವ ಸುಮಾರು 700 ಮೀಟರ್ ಉದ್ದದ ಮಾರ್ಗವು 1975ರಲ್ಲಿ ಆರಂಭವಾಯಿತು. ಸ್ವಿಟ್ಜರ್ಲೆಂಡಿನ ಜಿನೀವಾ ನಗರದಲ್ಲಿ ವಸ್ತುಪ್ರದರ್ಶನ ಭವನದ ವಿಸ್ತರಣೆಗೆ 220 ಕೆ.ವಿ. ಮೇಲ್ಮಾರ್ಗವು ಅಡ್ಡಿಯಾದಾಗ, ಆ ಭಾಗವನ್ನು ಸುರಂಗದೊಳಗಿನ ಅನಿಲ ನಿರೋಧಿತ ಮಾರ್ಗವಾಗಿ ಮಾರ್ಪಡಿಸಿ 2001ರಲ್ಲಿ ಚಾಲನೆಗೊಳಿಸಲಾಯಿತು. ಚೀನಾ ದೇಶದಲ್ಲಿ ಯಾಂಗ್ಟ್ಜಿ ನದಿಯ ತಳದ ಸುರಂಗದಲ್ಲಿ 1000 ಕೆ.ವಿ. ಮಾರ್ಗವು 2019ರಿಂದ ಕಾರ್ಯನಿರ್ವಹಿಸುತ್ತಿದೆ. ಬೆಂಗಳೂರಿನಂತಹ ನಗರಗಳಲ್ಲಿ ಸ್ಥಳಾಭಾವದಿಂದಾಗಿ ನಿರ್ಮಿಸಲಾಗಿರುವ ಅನಿಲ ನಿರೋಧಿತ ಉಪ ಕೇಂದ್ರಗಳದ್ದೂ ಇದೇ ತತ್ತ್ವ.

ಕಾಂತಕ್ಷೇತ್ರ

ಹೊರಕೊಳವೆಗೆ ಭೂಸಂಪರ್ಕ ಕಲ್ಪಿಸಿರುವುದರಿಂದ ವಿದ್ಯುತ್ ಕ್ಷೇತ್ರವು ಅದರೊಳಗೇ ಉಳಿಯುತ್ತದೆ. ಕಾಂತಕ್ಷೇತ್ರದ ವಿಷಯ ಅಷ್ಟು ಸರಳವಲ್ಲ. ಅಲ್ಯೂಮಿನಿಯಂ ಅದನ್ನು ತಾನಾಗಿಯೇ ತಡೆಯಲಾರದು. ಆದುದರಿಂದ ಮೂರು ಫೇಸ್‌ಗಳ ಹೊರಕೊಳವೆಗಳನ್ನು ಎರಡೂ ತುದಿಗಳಲ್ಲಿ ಪರಸ್ಪರ ಜೋಡಿಸಿ ಭೂಸಂಪರ್ಕ ನೀಡಲಾಗುತ್ತದೆ. ಆಗ ಒಳಗಿನ ಪ್ರವಾಹದಿಂದ ಪ್ರೇರಿತವಾಗಿ, ಹೊರಕೊಳವೆಯಲ್ಲಿ ಬಹುಮಟ್ಟಿಗೆ ಅಷ್ಟೇ ಪ್ರಮಾಣದ ಪ್ರವಾಹವು ವಿರುದ್ಧ ದಿಕ್ಕಿನಲ್ಲಿ ಹರಿಯುತ್ತದೆ. ಒಂದರ ಕ್ಷೇತ್ರವನ್ನು ಮತ್ತೊಂದು ಅಳಿಸುವುದರಿಂದ ಹೊರಗೆ ಅಲ್ಪಾಂಶ ಮಾತ್ರ ಉಳಿಯುತ್ತದೆ. ಅಯಾನೀಕರಿಸದ ವಿಕಿರಣದಿಂದ ರಕ್ಷಣೆಗೆ ಸಂಬಂಧಿಸಿದ ಅಂತರರಾಷ್ಟ್ರೀಯ ಆಯೋಗವು 2010ರ ಮಾರ್ಗಸೂಚಿಯಲ್ಲಿ 50 ಹರ್ಟ್ಸ್ ಆವರ್ತಕ್ಕೆ ಸಾರ್ವಜನಿಕರ ಮಟ್ಟಿಗೆ 200 ಮೈಕ್ರೊಟೆಸ್ಲಾ ಮಿತಿಯನ್ನು ಸೂಚಿಸಿದೆ. ಕಾಂತಕ್ಷೇತ್ರದ ದೃಷ್ಟಿಯಿಂದ ಮಾತ್ರ ನೋಡಿದಲ್ಲಿ, ಅಷ್ಟೇ ಪ್ರವಾಹವನ್ನು ಒಯ್ಯುವ ಮೇಲ್ಮಾರ್ಗಕ್ಕಿಂತ ಇದು ನಿಸ್ಸಂದೇಹವಾಗಿ ಮೇಲು.

ಶಾಖ

ಆದರೆ ಈ ಅನುಕೂಲಕ್ಕೆ ತೆರಬೇಕಾದ ಬೆಲೆ ಶಾಖದ ರೂಪದಲ್ಲಿರುತ್ತದೆ. ಹೊರಕೊಳವೆಯಲ್ಲಿಯೂ ಪ್ರವಾಹ ಹರಿಯುವುದರಿಂದ ಅದೂ ಬಿಸಿಯಾಗುತ್ತದೆ. ಒಂದೇ ತುದಿಯಲ್ಲಿ ಭೂಸಂಪರ್ಕ ನೀಡಿದರೆ ಈ ಶಾಖವೇನೋ ತಗ್ಗುತ್ತದೆ. ಆದರೆ ಕಾಂತಕ್ಷೇತ್ರ ಹೊರಬರುತ್ತದೆ, ಇನ್ನೊಂದು ತುದಿಯಲ್ಲಿ ಅಪಾಯಕಾರಿ ವೋಲ್ಟೇಜ್ ಕಾಣಿಸಿಕೊಳ್ಳಬಹುದು.

ಪ್ರವಾಹ ಇಮ್ಮಡಿಯಾದರೆ ಶಾಖವು ನಾಲ್ಮಡಿಯಾಗುತ್ತದೆ. ಪರ್ಯಾಯ ಪ್ರವಾಹವು ಲೋಹದ ಮೇಲ್ಪದರದಲ್ಲಿಯೇ ಹೆಚ್ಚಾಗಿ ಹರಿಯುತ್ತದೆ. 50 ಹರ್ಟ್ಸ್‌ನಲ್ಲಿ ಅಲ್ಯೂಮಿನಿಯಂ ಮಟ್ಟಿಗೆ ಈ ಆಳ ಸುಮಾರು 12 ಮಿ.ಮೀ. ಆದಕಾರಣ ಗಟ್ಟಿ ಸರಳಿನ ಬದಲು ಕೊಳವೆಯನ್ನು ಬಳಸಲಾಗುತ್ತದೆ. ಒಳಕೊಳವೆಯ ಶಾಖವು ಅನಿಲದ ಚಲನೆಯಿಂದಲೂ ವಿಕಿರಣದಿಂದಲೂ ಹೊರಕೊಳವೆಗೆ ತಲುಪುತ್ತದೆ. ಮೇಲ್ಮಾರ್ಗದ ತಂತಿಯನ್ನು ಗಾಳಿಯೇ ತಣಿಸುತ್ತದೆ, ಸುರಂಗದಲ್ಲಿಯೂ ಗಾಳಿಯ ವ್ಯವಸ್ಥೆ ಸಾಧ್ಯ. ನೇರವಾಗಿ ಹೂಳಿದ ಮಾರ್ಗಕ್ಕೆ ಮಣ್ಣೇ ಗತಿ.

ಈ ಅಂಶವನ್ನು ಅರ್ಜಿದಾರರು ವಿಶೇಷವಾಗಿ ಗಮನಿಸತಕ್ಕದ್ದು. ತೇವವಿರುವ ಮಣ್ಣು ಶಾಖವನ್ನು ಚೆನ್ನಾಗಿ ಒಯ್ಯುತ್ತದೆ, ಒಣಗಿದ ಮಣ್ಣು ಒಯ್ಯುವುದಿಲ್ಲ. ಕೊಳವೆ ಅತಿಯಾಗಿ ಬಿಸಿಯಾದರೆ ಸುತ್ತಲಿನ ತೇವ ದೂರ ಸರಿಯುತ್ತದೆ. ಮಣ್ಣು ಒಣಗಿದಷ್ಟೂ ಕೊಳವೆ ಮತ್ತಷ್ಟು ಬಿಸಿಯಾಗುತ್ತದೆ. ಮಾರ್ಗದ ಮೇಲೆ ಹೆಚ್ಚುವರಿ ಮಣ್ಣು ಸುರಿಯುವುದು, ನೀರು ಹೀರುವ ಮರಗಳನ್ನು ನೆಡುವುದು, ಪಕ್ಕದಲ್ಲಿಯೇ ಮತ್ತೊಂದು ಕೇಬಲ್ ಹಾಕುವುದು ಇವೆಲ್ಲವೂ ತಂಪಾಗುವಿಕೆಗೆ ಅಡ್ಡಿಯಾಗಬಲ್ಲವು. ನೋಟಕ್ಕೆ ಬರಿದಾಗಿ ಕಾಣುವ ಇಂತಹ ಜಾಗದಲ್ಲಿ ನಿರ್ಬಂಧ ವಿಧಿಸಿದಾಗ ಅದನ್ನು ವಿನಾಕಾರಣ ಅಡಚಣೆಯೆಂದು ಭಾವಿಸಬಾರದಾಗಿ ಕೋರಲಾಗಿದೆ.

ಶಾಖದಿಂದ ಲೋಹ ಹಿಗ್ಗುವುದೂ ಉಂಟು. 100 ಮೀಟರ್ ಅಲ್ಯೂಮಿನಿಯಂ ಕೊಳವೆಯ ಉಷ್ಣತೆ 50 ಡಿಗ್ರಿ ಸೆಲ್ಸಿಯಸ್ ಏರಿದರೆ ಉದ್ದವು ಸುಮಾರು 11.5 ಸೆಂ.ಮೀ. ಹೆಚ್ಚುತ್ತದೆ. ಇದಕ್ಕಾಗಿ ಒಳವಾಹಕಕ್ಕೆ ಜಾರುವ ಸಂಪರ್ಕಗಳನ್ನೂ ಸುರಂಗದೊಳಗಿನ ಹೊರಕೊಳವೆಗೆ ಮಡಿಕೆಯುಳ್ಳ ಜೋಡಣೆಗಳನ್ನೂ ಅಳವಡಿಸಲಾಗುತ್ತದೆ. ಹೂಳಿದ ಕೊಳವೆಯನ್ನು ಮಣ್ಣೇ ಹಿಡಿದಿಡುವುದರಿಂದ, ಪಕ್ಕದಲ್ಲಿ ಅನುಮತಿಯಿಲ್ಲದೆ ಅಗೆದರೆ ಆ ಹಿಡಿತ ಸಡಿಲವಾಗುತ್ತದೆ.

ಹಾಗಿದ್ದಲ್ಲಿ ಎಲ್ಲ ಮೇಲ್ಮಾರ್ಗಗಳನ್ನೂ ಹೀಗೆಯೇ ಏಕೆ ಬದಲಿಸಬಾರದು? ವೆಚ್ಚವು ಮೇಲ್ಮಾರ್ಗಕ್ಕಿಂತ ಹಲವು ಪಟ್ಟು ಅಧಿಕ ಎಂಬುದು ಒಂದು ಕಾರಣ. ಅನಿಲವೇ ಇನ್ನೊಂದು ಕಾರಣ. ಎಸ್‌ಎಫ್-6 ನೂರು ವರ್ಷಗಳ ಅವಧಿಯಲ್ಲಿ ಇಂಗಾಲದ ಡೈಆಕ್ಸೈಡ್‌ಗಿಂತ 23,000ಕ್ಕೂ ಹೆಚ್ಚು ಪಟ್ಟು ಭೂತಾಪವನ್ನು ಏರಿಸಬಲ್ಲದು. 1997ರ ಕ್ಯೋಟೊ ಒಪ್ಪಂದದಲ್ಲಿ ಇದನ್ನು ಹಸಿರುಮನೆ ಅನಿಲವೆಂದು ಸೇರಿಸಲಾಯಿತು. ಈ ಅನಿಲವಿರುವ ಹೊಸ ಸ್ವಿಚ್‌ಗೇರ್‌ಗಳನ್ನು ಹಂತ ಹಂತವಾಗಿ ನಿರ್ಬಂಧಿಸುವ ನಿಯಮವನ್ನು ಐರೋಪ್ಯ ಒಕ್ಕೂಟವು 2024ರಲ್ಲಿ ಅಂಗೀಕರಿಸಿದೆ.

ಶುದ್ಧ ಎಸ್‌ಎಫ್-6 ಅನಿಲಕ್ಕೆ ಬಣ್ಣವಾಗಲಿ ವಾಸನೆಯಾಗಲಿ ಇಲ್ಲ. ಅದು ಗಾಳಿಗಿಂತ ಸುಮಾರು 5 ಪಟ್ಟು ಭಾರವಾದ್ದರಿಂದ ಸೋರಿದಲ್ಲಿ ಗುಂಡಿ, ನೆಲಮಾಳಿಗೆಗಳಲ್ಲಿ ಶೇಖರಗೊಂಡು ಉಸಿರುಗಟ್ಟಿಸಬಹುದು. ಕೊಳವೆಯೊಳಗೆ ವಿದ್ಯುತ್ ಕಿಡಿ ಸಂಭವಿಸಿದ್ದಲ್ಲಿ ಅನಿಲವು ವಿಭಜನೆಗೊಂಡು ವಿಷಕಾರಿ ಪದಾರ್ಥಗಳೂ ಉಂಟಾಗುತ್ತವೆ. ಆದುದರಿಂದ ಇಂತಹ ಮಾರ್ಗದ ಸಮೀಪ ಅಗೆಯುವ ಮುನ್ನ ಸಂಬಂಧಪಟ್ಟ ವಿದ್ಯುತ್ ಪ್ರಸರಣ ಕಚೇರಿಯಿಂದ ಲಿಖಿತ ಅನುಮತಿ ಪಡೆಯತಕ್ಕದ್ದು. ಅರ್ಜಿಯೊಂದಿಗೆ ನಿವೇಶನದ ನಕ್ಷೆ ಹಾಗೂ ಅಗೆಯುವ ಆಳದ ವಿವರವಿದ್ದಲ್ಲಿ ಸ್ಥಳ ಪರಿಶೀಲನೆಗೆ ಅನುಕೂಲವಾಗುತ್ತದೆ. ಕೆಲಸದ ವೇಳೆ ಕೊಳವೆಗೆ ಪೆಟ್ಟು ಬಿದ್ದರೆ ಯಾರೂ ಗುಂಡಿಗೆ ಇಳಿಯಬಾರದು; ಒಳಗಿರುವವರು ಕೂಡಲೇ ಮೇಲೆ ಬಂದು, ಗಾಳಿ ಬೀಸಿ ಬರುವ ದಿಕ್ಕಿನ ಕಡೆಗೆ ದೂರ ಸರಿದು, ಕಚೇರಿಗೆ ತಿಳಿಸತಕ್ಕದ್ದು.