ಮಾಯದ ಗಾಯ: ಮಕ್ಕಳ ಮೆದುಳಿನ ಗಡ್ಡೆ

ಪುತ್ತೂರು, ಸುಳ್ಯ, ಕಡಬದ ಕಡೆ ಹಾವು ಕಚ್ಚಿದವರನ್ನು ಆಸ್ಪತ್ರೆಗೆ ತಂದಾಗ ಮಾಡುವ ಒಂದು ಪರೀಕ್ಷೆಯನ್ನು ಕಂಡವರು ಹಲವರಿದ್ದಾರೆ. ಎರಡು ಮಿಲಿಲೀಟರ್ ರಕ್ತವನ್ನು ಒಣಗಿದ ಗಾಜಿನ ನಳಿಗೆಗೆ ಹಾಕಿ 20 ನಿಮಿಷ ಅಲುಗಾಡಿಸದೆ ಇಡುತ್ತಾರೆ. ಬಳಿಕ ನಳಿಗೆಯನ್ನು ಓರೆ ಮಾಡಿದಾಗ ರಕ್ತ ಹೆಪ್ಪುಗಟ್ಟಿ ನಿಂತಿದ್ದರೆ ಸಮಾಧಾನ. ನೀರಿನಂತೆ ಹರಿದರೆ ಕೊಳಕುಮಂಡಲದಂಥ ಹಾವಿನ ವಿಷ ಏರಿದೆ ಎಂದೇ ಲೆಕ್ಕ. ಹೀಗಾಗಿ ಹೆಪ್ಪುಗಟ್ಟುವುದೆಂದರೆ ಜೀವ ಉಳಿಸುವ ಗುಣವೆಂಬ ಭಾವನೆ ಜನರಲ್ಲಿದೆ. ಅದು ಸುಳ್ಳೂ ಅಲ್ಲ. ಆದರೆ ಮಗುವಿನ ಮೆದುಳಿನಲ್ಲಿ ಗಡ್ಡೆ ಬೆಳೆದಾಗ ಇದೇ ಗುಣ ಗಡ್ಡೆಯ ಪಕ್ಷ ವಹಿಸಬಲ್ಲದು.

ಅಡಿಕೆ ಸುಲಿಯುವಾಗ ಕತ್ತಿ ತಾಗಿ ಬೆರಳು ಕೊಯ್ದಿತೆನ್ನಿ. ರಕ್ತನಾಳದ ಹೊರಗಿನ ಕೋಶಗಳಲ್ಲಿರುವ ‘ಟಿಶ್ಯೂ ಫ್ಯಾಕ್ಟರ್’ ಎಂಬ ಪ್ರೋಟೀನು ರಕ್ತಕ್ಕೆ ಸೋಕಿದೊಡನೆ ಹೆಪ್ಪುಗಟ್ಟುವ ಕ್ರಿಯೆ ಆರಂಭವಾಗುತ್ತದೆ. ಫೈಬ್ರಿನ್ ಎಂಬ ಎಳೆಗಳ ಬಲೆ ಗಾಯವನ್ನು ಮುಚ್ಚುತ್ತದೆ. ಆ ಬಲೆಯನ್ನೇ ಹಂದರ ಮಾಡಿಕೊಂಡು ಹೊಸ ನಾಳಗಳು ಬಳ್ಳಿಯಂತೆ ಹಬ್ಬುತ್ತವೆ. ಗಾಯ ಮಾಯುತ್ತಿದ್ದಂತೆ ಹಂದರವೂ ಕರಗುತ್ತದೆ, ಹೆಚ್ಚಿನ ನಾಳಗಳೂ ಮರೆಯಾಗುತ್ತವೆ.

ಗಡ್ಡೆಯಲ್ಲಿ ಈ ಕೆಲಸ ನಿಲ್ಲುವುದಿಲ್ಲ. ಹೊಸ ನಾಳ ಸಿಗದಿದ್ದರೆ ಗಡ್ಡೆ ಒಂದೆರಡು ಮಿಲಿಮೀಟರ್ ದಾಟಿ ಬೆಳೆಯಲಾರದೆಂದು ಅಮೆರಿಕದ ಶಸ್ತ್ರವೈದ್ಯ ಜೂಡಾ ಫೋಕ್ಮನ್ 1971ರಲ್ಲೇ ವಾದಿಸಿದ್ದರು. 1986ರಲ್ಲಿ ಹೆರಾಲ್ಡ್ ಡ್ವೊರಾಕ್ ಗಡ್ಡೆಯನ್ನು ಎಂದೂ ಮಾಯದ ಗಾಯಕ್ಕೆ ಹೋಲಿಸಿದರು. ಉಸಿರುಗಟ್ಟಿದ ಗಡ್ಡೆಯ ಕೋಶಗಳು ‘ವಿಇಜಿಎಫ್’ ಎಂಬ ವಸ್ತುವನ್ನು ಸ್ರವಿಸಿ ನಾಳಗಳನ್ನು ತಮ್ಮತ್ತ ಕರೆಯುತ್ತವೆ. ಅವಸರದಲ್ಲಿ ಹುಟ್ಟಿದ ಈ ನಾಳಗಳು ಸೋರುತ್ತವೆ. ಸೋರಿದ ದ್ರವದಿಂದ ಮೆದುಳು ಊದಿಕೊಳ್ಳುತ್ತದೆ. ಮೆದುಳಿನಲ್ಲಂತೂ ಟಿಶ್ಯೂ ಫ್ಯಾಕ್ಟರ್ ಹೇರಳ. ಪ್ರಯೋಗಾಲಯಗಳು ರಕ್ತದ ಹೆಪ್ಪುಗಟ್ಟುವ ಸಮಯ ಅಳೆಯಲು ಬಹುಕಾಲ ಮೊಲದ ಮೆದುಳಿನ ಸಾರವನ್ನೇ ಬಳಸುತ್ತಿದ್ದವು!

ಸೋರುವ ನಾಳ ಯಾವಾಗಲೂ ವೈರಿಯೇ? ಇಲ್ಲಿದೆ ವಿಸ್ಮಯ. ಮಕ್ಕಳ ಮೆದುಳಿನ ಕ್ಯಾನ್ಸರ್‌ಗಳಲ್ಲಿ ಹೆಚ್ಚು ಕಾಣುವುದು ಕಿರುಮೆದುಳಿನಲ್ಲಿ ಹುಟ್ಟುವ ಮೆಡುಲೊಬ್ಲಾಸ್ಟೋಮಾ. ಅದರ ಸುಮಾರು ಹತ್ತನೆಯ ಒಂದು ಪಾಲು ‘ಡಬ್ಲ್ಯುಎನ್‌ಟಿ’ ಎಂಬ ಬಗೆಯದು. ಈ ಗಡ್ಡೆ ತನ್ನದೇ ಸ್ರಾವದಿಂದ ನಾಳಗಳ ಗೋಡೆಯಲ್ಲಿ ಕಿಂಡಿ ಮಾಡಿಕೊಳ್ಳುತ್ತದೆಂದು 2016ರಲ್ಲಿ ಇಲಿಗಳ ಮೇಲಿನ ಸಂಶೋಧನೆ ತೋರಿಸಿತು. ರಕ್ತದಿಂದ ಮೆದುಳಿಗೆ ಔಷಧ ನುಸುಳದಂತೆ ಇರುವ ಸಹಜ ತಡೆ ಇಲ್ಲಿ ಮುರಿದಿರುತ್ತದೆ. ಔಷಧ ಒಳಹೊಕ್ಕು ಕೋಶಗಳನ್ನು ಕೊಲ್ಲುತ್ತದೆ. ಸರಿಯಾದ ಚಿಕಿತ್ಸೆ ಸಿಕ್ಕರೆ ಈ ಬಗೆಯ 10 ಮಕ್ಕಳಲ್ಲಿ 9 ಮಂದಿಗೂ ಹೆಚ್ಚು ಬದುಕುತ್ತಾರೆ. ಮೆದುಳಿನ ಕಾಂಡದಲ್ಲಿ ಹಬ್ಬುವ ಇನ್ನೊಂದು ಬಗೆಯ ಗಡ್ಡೆಯಲ್ಲಿ ಈ ತಡೆ ಬಹುಮಟ್ಟಿಗೆ ಗಟ್ಟಿಯಾಗಿರುತ್ತದೆ. ಔಷಧ ಹೊರಗೇ ಉಳಿಯುತ್ತದೆ, ಹೆಚ್ಚಿನ ಮಕ್ಕಳು ಒಂದೆರಡು ವರ್ಷ ಉಳಿಯುವುದೂ ಕಷ್ಟ.

ನಾಳ ಬೆಳೆಯದಂತೆ ಮಾಡುವ ಬೆವಸಿಜುಮಾಬ್ ಎಂಬ ಔಷಧದ ಮೇಲೆ ದೊಡ್ಡ ಆಸೆಯಿತ್ತು. ಮಕ್ಕಳ ತೀವ್ರ ಬಗೆಯ ಗ್ಲಯೋಮಾ ಗಡ್ಡೆಗೆ ಅದನ್ನು ಸೇರಿಸಿ ಕೊಟ್ಟರೂ ಲಾಭವಾಗಲಿಲ್ಲವೆಂದು 2018ರಲ್ಲಿ ಪ್ರಕಟವಾದ ಪ್ರಯೋಗ ತಿಳಿಸಿತು. ನೀರು ನಿಲ್ಲಿಸಿದ ಮಾತ್ರಕ್ಕೆ ಕಳೆ ಸಾಯುವುದಿಲ್ಲವೆಂಬುದು ತೋಟದವರಿಗೆ ಗೊತ್ತಿರುವ ಸಂಗತಿಯೇ.

ಹಳ್ಳಿಮನೆಗಳಲ್ಲಿ ಈ ರೋಗದ ಆರಂಭ ತೀರ ಸಾದಾ. ಬೆಳಿಗ್ಗೆ ಏಳುತ್ತಲೇ ತಲೆನೋವು, ವಾಂತಿ. ವಾಂತಿಯಾದ ಮೇಲೆ ಹಾಯೆನಿಸುವುದು. ಪಿತ್ತವೆಂದು ಕಷಾಯ ಕೊಡುತ್ತಾರೆ, ಹುಳದ ಔಷಧ ಕುಡಿಸುತ್ತಾರೆ. ಶಾಲೆ ತಪ್ಪಿಸುವ ನೆಪವೆಂಬ ಗದರಿಕೆಯೂ ಉಂಟು. ವಾರಗಳ ಮೇಲೆ ಮಗು ತೋಟದ ಸಂಕ ದಾಟುವಾಗ ವಾಲತೊಡಗಿದರೆ, ಒಂದು ವಸ್ತು ಎರಡಾಗಿ ಕಾಣುತ್ತದೆ ಎಂದರೆ, ಆಗ ಗಾಬರಿ. ಸುಳ್ಯದಿಂದ ಮಂಗಳೂರಿಗೆ ಸುಮಾರು 85 ಕಿಲೋಮೀಟರ್. ಅಲ್ಲಿಂದಾಚೆ ಬೇಕಾದರೆ ಕಬಕ ಪುತ್ತೂರಿನಲ್ಲೋ ನೆಟ್ಟಣದಲ್ಲೋ ರಾತ್ರಿ ರೈಲು ಹಿಡಿದು, ಘಟ್ಟ ಹತ್ತಿ ಬೆಂಗಳೂರಿನ ನಿಮ್ಹಾನ್ಸ್ ಅಥವಾ ಕಿದ್ವಾಯಿ ಆಸ್ಪತ್ರೆ.

ಹೊರಡುವ ಮೊದಲು ವೈದ್ಯರು ಡೆಕ್ಸಾಮೆಥಾಸೋನ್ ಕೊಡುವುದುಂಟು. ಅದು ನಾಳಗಳ ಸೋರಿಕೆಯನ್ನು ತಗ್ಗಿಸುತ್ತದೆ. ಊತ ಇಳಿದು, ವಾಂತಿ ನಿಂತು, ಮಗು ಎರಡೇ ದಿನದಲ್ಲಿ ಗಂಜಿ ಉಂಡು ಅಂಗಳದಲ್ಲಿ ಆಡಬಹುದು. ಗುಣವಾಯಿತೆಂದು ಪ್ರಯಾಣ ಮುಂದೂಡಬೇಕೆನಿಸುವುದು ಆಗಲೇ. ಗಡ್ಡೆ ಮಾತ್ರ ಇದ್ದಲ್ಲೇ ಇರುತ್ತದೆ.