ನಿಂತ ಕಾರಿಗೂ ವಯಸ್ಸಾಗುತ್ತದೆ

ಹಳೆಯ ಕಾರನ್ನು ಕೊಳ್ಳುವುದು ಸುಲಭ. ಕೊಳ್ಳಬೇಕೆ, ಬೇಡವೆ ಎಂದು ತೀರ್ಮಾನಿಸುವುದು ಕಷ್ಟ. ಕೊಡುವವರು ಆತ್ಮೀಯರಾಗಿದ್ದರಂತೂ ಆ ಕಷ್ಟ ಇಮ್ಮಡಿಯಾಗುತ್ತದೆ. 2024ರ ಮಳೆಗಾಲದಲ್ಲಿ ನನಗೆ ಅಂತಹ ಸಂದರ್ಭವೊಂದು ಒದಗಿತು.

ಮುಲುಂಡ್‌ನ ನಮ್ಮ ಕಟ್ಟಡದ ಕೆಳಗೆ ಸಣ್ಣ ಪೆಟ್ರೋಲ್ ಕಾರೊಂದು ಬಟ್ಟೆ ಹೊದ್ದು ನಿಂತಿರುತ್ತಿತ್ತು. 2011ರಲ್ಲಿ ಕೊಂಡದ್ದು, ಹದಿಮೂರು ವರ್ಷಗಳಲ್ಲಿ ಓಡಿದ್ದು 21,000 ಕಿಲೋಮೀಟರು ಮಾತ್ರ. ಅದರ ಒಡೆಯರು ಧಾರವಾಡದ ಕಡೆಯ ಹಿರಿಯರು. ಪತ್ನಿ ತೀರಿಕೊಂಡ ಮೇಲೆ ಎಲ್ಲಿಗೂ ಹೋಗುವ ಉತ್ಸಾಹ ಅವರಿಗೆ ಉಳಿದಿರಲಿಲ್ಲ. ಭಾನುವಾರಗಳಂದು ಕೆಳಗಿಳಿದು, ಐದು ನಿಮಿಷ ಎಂಜಿನ್ ಚಾಲೂ ಮಾಡಿ, ಗಾಜು ಒರೆಸಿ ಹೋಗುತ್ತಿದ್ದರು. ನನ್ನ ತಾಯಿಯವರಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್. ಒಂದು ದಿನ ಮಳೆಯಲ್ಲಿ ಬಾಡಿಗೆ ವಾಹನಕ್ಕಾಗಿ ಕೊಡೆ ಹಿಡಿದು ನಿಂತಿದ್ದ ನಮ್ಮನ್ನು ಕಂಡು, "ಈ ಕಾರು ನೀವೇ ಇಟ್ಟುಕೊಳ್ಳಿ, 70,000 ರೂಪಾಯಿ ಕೊಟ್ಟರೆ ಸಾಕು" ಎಂದರು.

ಇಪ್ಪತ್ತೊಂದು ಸಾವಿರವೆಂದರೆ ಹೊಸದೇ ಸರಿ ಎಂದು ಮನೆಮಂದಿ ಹಿಗ್ಗಿದರು. ತಪಾಸಣೆ ಮಾಡಿಸಲು ನನಗೆ ಸಂಕೋಚ. ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರೆಂಬ ಗಾದೆ ನೆನಪಾಯಿತು. ಆದರೂ ಪರಿಚಯದ ಗ್ಯಾರೇಜಿನ ಮೇಸ್ತ್ರಿಯನ್ನು ಕರೆತಂದೆ. ಆತನ ಮೊದಲ ಮಾತೇ, "ಮೀಟರು ನೋಡಬೇಡಿ ಸಾಹೇಬರೆ, ಪಂಚಾಂಗ ನೋಡಿ."

ಕೂತಲ್ಲೇ ಕೂತ ದೇಹಕ್ಕೆ ಬರುವಂತೆ ನಿಂತಲ್ಲೇ ನಿಂತ ಯಂತ್ರಕ್ಕೂ ವ್ಯಾಧಿಗಳು ಬರುತ್ತವೆ. ಟಯರಿನ ಪಕ್ಕದ ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರವನ್ನೂ ಕೊನೆಯೆರಡು ವರ್ಷವನ್ನೂ ಸೂಚಿಸುತ್ತವೆ. ಅಲ್ಲಿದ್ದುದು 2311, ಎಂದರೆ 2011ರ ಇಪ್ಪತ್ತಮೂರನೆಯ ವಾರ. ಪಟ್ಟೆಗಳು ಸವೆದಿರಲಿಲ್ಲ, ಆದರೆ ರಬ್ಬರು ಸೀಳು ಬಿಟ್ಟಿತ್ತು. ಹತ್ತು ವರ್ಷ ದಾಟಿದ ಟಯರನ್ನು ಬಳಸಬಾರದೆಂದು ತಯಾರಕರೇ ಹೇಳುತ್ತಾರೆ. ಬ್ರೇಕಿನ ದ್ರವ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ತೇವ ಹೆಚ್ಚಿದಂತೆ ಅದು ಬೇಗ ಕುದಿಯುತ್ತದೆ. ಘಟ್ಟ ಇಳಿಯುವಾಗ ಹಾಗೆ ಕುದಿದು ಆವಿಯಾದರೆ ಪೆಡಲು ತಳಕ್ಕಿಳಿದರೂ ಕಾರು ನಿಲ್ಲದು. ಟೈಮಿಂಗ್ ಬೆಲ್ಟಿಗೆ ಕಿಲೋಮೀಟರಿನಂತೆ ವರ್ಷದ ಮಿತಿಯೂ ಉಂಟು. ಇನ್ನು ಭಾನುವಾರದ ಐದು ನಿಮಿಷದ ಉಪಚಾರ! ಎಂಜಿನ್ ಪೂರ್ತಿ ಕಾಯದ ಕಾರಣ ನೀರಾವಿ ಎಣ್ಣೆಯಲ್ಲಿಯೇ ಉಳಿಯುತ್ತದೆ. ಚಾಲೂ ಮಾಡಲು ವ್ಯಯವಾದ ವಿದ್ಯುತ್ತೂ ಬ್ಯಾಟರಿಗೆ ಮರಳುವುದಿಲ್ಲ.

ಮೇಸ್ತ್ರಿ ಕೊಟ್ಟ ಲೆಕ್ಕ ಹೀಗಿತ್ತು: ಟಯರು 14,000, ಬ್ಯಾಟರಿ 4,500, ಬ್ರೇಕು 9,000, ಬೆಲ್ಟು ಮತ್ತು ರಬ್ಬರು ಕೊಳವೆಗಳು 10,500, ಇಲಿ ಕಡಿದ ತಂತಿ ಹಾಗೂ ಇತರ ದುರಸ್ತಿ 7,000; ಒಟ್ಟು 45,000 ರೂಪಾಯಿ. ಚೀಟಿಯನ್ನು ಹಿರಿಯರ ಮುಂದಿಟ್ಟೆ. ಅವರು ಬಹಳ ಹೊತ್ತು ಸುಮ್ಮನಿದ್ದು, "ಚಾಲೂ ಮಾಡಿದರೆ ಸಾಕೆಂದುಕೊಂಡಿದ್ದೆ. 40,000 ಕೊಡಿ" ಎಂದರು.

ನೋಂದಣಿಗೆ ಉಳಿದಿದ್ದುದು ಎರಡು ವರ್ಷ. ಅಷ್ಟರಲ್ಲಿ ಕೊಳ್ಳುವ ಹಣ, ದುರಸ್ತಿ, ಪೆಟ್ರೋಲು, ವಿಮೆ ಎಲ್ಲ ಸೇರಿ 1,23,000. ಆಸ್ಪತ್ರೆಗೆ ಬಾಡಿಗೆ ವಾಹನದಲ್ಲಿ ಹೋಗಿಬಂದರೆ 1,24,800. ಹಣದ ತಕ್ಕಡಿ ಸಮನಾಗಿತ್ತು. ವಾರಕ್ಕೆ ಮೂರು ದಿನ ಕಾರು ಓಡುವುದು ಖಚಿತ, ತಾಯಿ ಮಳೆಯಲ್ಲಿ ನಿಲ್ಲಬೇಕಾಗಿಲ್ಲ ಎಂಬ ಎರಡು ಕಾರಣಗಳಿಂದ ತಕ್ಕಡಿ ವಾಲಿತು. ಹಬ್ಬಕ್ಕೊಮ್ಮೆ ಹೊರತೆಗೆಯುವ ಉದ್ದೇಶವಿದ್ದಿದ್ದರೆ ಬೇಡವೆನ್ನುತ್ತಿದ್ದೆ. ಬ್ರೇಕು, ಟಯರುಗಳ ಕೆಲಸ ಮುಗಿಯುವವರೆಗೆ ಕಾರನ್ನು ಓಡಿಸಲಿಲ್ಲ, ಗ್ಯಾರೇಜಿಗೂ ಎಳೆದೊಯ್ಯಿಸಿದೆ.

ಕಾಗದಪತ್ರಗಳಲ್ಲಿಯೂ ಉದಾಸೀನ ಸಲ್ಲದು. ಷಾಸಿ ಸಂಖ್ಯೆ ನೋಂದಣಿ ಪತ್ರದೊಡನೆ ಹೊಂದಬೇಕು. ಹೆಸರಿನ ವರ್ಗಾವಣೆಗೆ 29 ಮತ್ತು 30ನೆಯ ನಮೂನೆಗಳು. ಬ್ಯಾಂಕಿನ ಸಾಲ ದಾಖಲಾಗಿದ್ದರೆ ಅದರ ವಿಮೋಚನೆಗೆ 35ನೆಯದು. ವಿಮೆಯಲ್ಲಿ ಹೆಸರು ಬದಲಿಸಲು 14 ದಿನಗಳೊಳಗೆ ಬರೆಯಬೇಕು. ಹದಿನೈದು ವರ್ಷ ಮೀರಿದ ಕಾರಿನ ನೋಂದಣಿ ನವೀಕರಣ ಶುಲ್ಕ 2022ರ ಏಪ್ರಿಲಿನಲ್ಲಿ 600ರಿಂದ 5,000 ರೂಪಾಯಿಗೆ ಏರಿತು. ದೆಹಲಿಯಲ್ಲಿ 10 ವರ್ಷದ ಡೀಸೆಲ್, 15 ವರ್ಷದ ಪೆಟ್ರೋಲ್ ವಾಹನಗಳ ಮೇಲಿನ ನಿರ್ಬಂಧವನ್ನು 2018ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿದಿತ್ತು. 2025ರಲ್ಲಿ ಮತ್ತೆ ಆದೇಶಗಳು ಬಂದವು. ಅಲ್ಲಿನ ಬಾಂಧವರು ಹಣ ಕೊಡುವ ಮುನ್ನ ಆ ದಿನದ ನಿಯಮವನ್ನು ವಿಚಾರಿಸಬೇಕು. ನಿವೃತ್ತಿಯಾದ ಮೇಲೆ ಕಾರಿನೊಡನೆ ಊರು ಸೇರುವ ಆಸೆಯುಳ್ಳವರು ನಿರಾಕ್ಷೇಪಣಾ ಪತ್ರವನ್ನೂ ಕರ್ನಾಟಕದ ರಸ್ತೆ ತೆರಿಗೆಯನ್ನೂ ಮರೆಯಬಾರದು.

ಆ ವರ್ಷದ ದೀಪಾವಳಿಯ ಭಾನುವಾರ ಹಿರಿಯರು ಎಂದಿನಂತೆ ಒರೆಸುವ ಬಟ್ಟೆ ಹಿಡಿದು ಕೆಳಗೆ ಬಂದರು. ತಾಯಿ ಹಿಂದಿನ ಆಸನದಿಂದಲೇ, "ಗಾಜು ಆಮೇಲೆ ಒರೆಸೀರಂತೆ, ಮೊದಲು ಹತ್ತಿರಿ" ಎಂದರು. ಮಾಟುಂಗಾದವರೆಗೆ ಹೋಗಿ, ಮೂವರೂ ಕಾಫಿ ಕುಡಿದು ಬಂದೆವು.